ಏಡಿ ಸಾಯುವ ಹೊತ್ತು

ಭಾನುವಾರ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದ ಹುಲಿಗೇಶನ ಕೈ, ಮಗಳಿಗೆ ಕೊಟ್ಟ ಮಾತು ನೆನಪಾಗಿ ಗದ್ದದ ಹತ್ತಿರ ನಿಂತಿತು. ಇವತ್ತಿನ ಸಿನಿಮಾವನ್ನು ಕೊನೆಯವರೆಗೆ ಕೂತು ನೋಡುತ್ತೇನೆಂದು ಮಾತು ಕೊಟ್ಟಿದ್ದ. ಲಿಂಗಸುಗೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಹೇಳುವ, ಸ್ವಂತ ಮನೆ, ಸ್ವಂತ ಕಾರು ಇರುವ, ಕಿವಿಯ ಮೇಲೆ ಕೂದಲು ಬೆಳ್ಳಗಾದ ಮನುಷ್ಯ ಇಂಥದ್ದಕ್ಕೆಲ್ಲ ಮಾತು ಕೊಡಬೇಕಾಗಿ ಬಂದದ್ದು ನಗುವ ಸಂಗತಿಯೇ. ಹೆಂಡತಿ ಪದ್ಮಾವತಿ ನಕ್ಕೂ ಇದ್ದಳು. ನಂದಿನಿ ಮಾತ್ರ ನಗಲಿಲ್ಲ. ಎಂಟನೆಯ ಇಯತ್ತೆಯ ಹುಡುಗಿ, ಬುದ್ಧಿ ಬಂದಾಗಿನಿಂದ ಅಪ್ಪನ ಜೋಡಿ ದೈತ್ಯಪ್ರಾಣಿಗಳ ಒಂದು ಸಿನಿಮಾವನ್ನೂ ಬಿಡದವಳು, ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿಯದೆ ಹಾಗೇ ಇಟ್ಟುಕೊಂಡು, "ಕೊನಿತನಕ ಕುಂದರ್ತೀನಿ ಅಂದ್ರ ಬರ್ತೀನಿ. ನಡುವ ಎದ್ದಿ ಅಂದ್ರ ಮುಗೀತು ಅಪ್ಪಾ, ಇನ್ ಮ್ಯಾಲ ನಿನ್ ಜೋಡಿ ಯಾ ಸಿನಿಮಾಕ್ಕೂ ಬರಂಗಿಲ್ಲ" ಎಂದಿದ್ದಳು. ಅವಳು ಹೇಳಿದಂತೆ ಮಾಡುವವಳು. ಅವಳು ಬರದಿದ್ದರೆ ತನ್ನ ಪಕ್ಕ ಇನ್ನು ಯಾರು ಕೂಡುತ್ತಾರೆಂದು ಯೋಚಿಸಿದರೆ ಹುಲಿಗೇಶನಿಗೆ ಒಂದು ಹೆಸರೂ ಹೊಳೆಯುತ್ತಿರಲಿಲ್ಲ.

ಆದದ್ದು ಇಷ್ಟೇ. ಹೋದ ವಾರ ಶಾಲೆಯಲ್ಲಿ ನಂದಿನಿ ತನ್ನ ಗೆಳತಿಯರಿಗೆ ಏಡಿ ಸಿನಿಮಾದ ಮೂರನೆಯ ಭಾಗದ ಕತೆ ಹೇಳಿದ್ದಳು. ಗುಡ್ಡದಷ್ಟು ದೊಡ್ಡ ಏಡಿ ಊರನ್ನೆಲ್ಲ ತುಳಿದು, ಕೊನೆಗೆ ಒಂದು ಕೂಸಿನ ಅಳು ಕೇಳಿ ನಿಂತು, ಕೊಂಡಿಯಿಂದ ಆ ಕೂಸಿನ ತೊಟ್ಟಿಲನ್ನು ನಿಧಾನವಾಗಿ ತೂಗಿ, ಹೊರಳಿ ಸಮುದ್ರಕ್ಕೆ ಹೋಯಿತು ಎಂದು. ಪ್ರಿಯಾಂಕಾ ಎಂಬ ಹುಡುಗಿ ಬಿದ್ದು ಬಿದ್ದು ನಕ್ಕಳಂತೆ. ಅವಳು ಅದನ್ನು ಫೋನಿನಲ್ಲಿ ನೋಡಿದ್ದಳು. ತೊಟ್ಟಿಲೂ ಇಲ್ಲ, ಕೂಸೂ ಇಲ್ಲ. ಏಡಿಯ ಬಾಯಿಗೆ ಬಾಂಬು ಹಾಕಿ ಸಾಯಿಸುತ್ತಾರೆ, ಅದರ ಚೂರುಗಳು ಊರ ತುಂಬ ಬೀಳುತ್ತವೆ, ಅಷ್ಟೇ. ನಂದಿನಿ ವಾದ ಮಾಡಿದಳು, ಪ್ರಿಯಾಂಕಾ ಫೋನು ತೆಗೆದು ಎಲ್ಲರ ಮುಂದೆ ತೋರಿಸಿದಳು. ಸಂಜೆ ಮನೆಗೆ ಬಂದವಳೇ ಚೀಲ ಬಿಸಾಕಿ, "ನೀ ಕಾರಿನ್ಯಾಗ ಹೇಳಿದ್ದೆಲ್ಲಾ ಸುಳ್ಳ?" ಎಂದು ಕೇಳಿದಳು. ಹುಲಿಗೇಶ ಸುಳ್ಳು ಎನ್ನಲೂ ಆಗದೆ, ಖರೆ ಎನ್ನಲೂ ಆಗದೆ, "ಒಬ್ಬೊಬ್ರು ಒಂದೊಂದು ನಮೂನಿ ತಿಳ್ಕೊಂತಾರವ್ವ" ಎಂದ. ಆ ಮಾತು ಅವನಿಗೇ ಹಿಡಿಸಲಿಲ್ಲ. ಪ್ರತಿ ಸಲ ಸಿಂಧನೂರಿನ ಟಾಕೀಸಿನಲ್ಲಿ ಸಿನಿಮಾ ಮುಗಿಯುವುದಕ್ಕೆ ಹತ್ತು ನಿಮಿಷ ಮೊದಲೇ ಎದ್ದು, "ನಡಿ, ಜಲ್ದಿ" ಎಂದು ಅವಳನ್ನು ಹೊರಗೆ ಕರೆತಂದು, ಕಾರು ಮಸ್ಕಿ ದಾಟುವುದರೊಳಗೆ ಉಳಿದ ಕತೆಯನ್ನು ಹೇಳುತ್ತಿದ್ದವನು ಅವನೇ. ಅಪ್ಪ ಇದನ್ನು ಮೊದಲೇ ಎಲ್ಲೋ ನೋಡಿದ್ದಾನೆ, ಗದ್ದಲದಲ್ಲಿ ಸಿಕ್ಕಿಕೊಳ್ಳಬಾರದೆಂದು ಬೇಗ ಕರೆತರುತ್ತಾನೆ ಎಂದುಕೊಂಡಿದ್ದಳು ಹುಡುಗಿ. ಅವನು ಒಂದರ ಕೊನೆಯನ್ನೂ ನೋಡಿರಲಿಲ್ಲ.

ಒಂದನ್ನೂ ಎಂದರೆ ಒಂದನ್ನೂ. ಇದನ್ನು ಯಾರಿಗಾದರೂ ಹೇಳಿದರೆ ನಂಬುವಂತಿರಲಿಲ್ಲ, ಆದ್ದರಿಂದ ಅವನು ಹೇಳಿರಲಿಲ್ಲ. ದೈತ್ಯಪ್ರಾಣಿ ಸಿನಿಮಾಗಳ ಅಭಿಮಾನಿಗಳದೊಂದು ವಾಟ್ಸಾಪ್ ಗುಂಪಿತ್ತು. ಹೈದರಾಬಾದು, ಹುಬ್ಬಳ್ಳಿ, ಎಲ್ಲೆಲ್ಲಿಯವರೋ ಇದ್ದರು. ಅಲ್ಲಿ ಹುಲಿಗೇಶನ ಮಾತಿಗೆ ಬೆಲೆಯಿತ್ತು. ಮೊದಲನೆಯ ಏಡಿಯ ಒಳಗೆ ನಾಲ್ಕು ಮಂದಿ ಕೂತು ಕಾಲು ಆಡಿಸುತ್ತಿದ್ದರೆಂಬುದು, ಎರಡನೆಯದರಲ್ಲಿ ಹೆಣ್ಣು ಏಡಿ ಬಂದರೂ ಮೀಸೆ ಮಾತ್ರ ಅದೇ ಹಳೆಯದನ್ನು ಅಂಟಿಸಿದ್ದರೆಂಬುದು, ಮೂರನೆಯದರಲ್ಲಿ ಶತಪದಿಯ ಜೋಡಿ ಕಾದಾಡುವಾಗ ಒಂದು ಕ್ಷಣ ಎಳೆಯುವ ದಾರ ಕಾಣುತ್ತದೆಂಬುದು, ಎಲ್ಲವನ್ನೂ ಅವನು ಬರೆಯುತ್ತಿದ್ದ. ಪ್ರಾಣಿ ಮೊದಲ ಸಲ ಕಾಣಿಸುವ ಗಳಿಗೆಯ ಬಗ್ಗೆ ಅವನಷ್ಟು ಉದ್ದ ಬರೆದವರು ಅಲ್ಲಿ ಯಾರೂ ಇರಲಿಲ್ಲ. ಕೊನೆಯ ಬಗ್ಗೆ ವಾದ ಎದ್ದಾಗ ಮಾತ್ರ ಫೋನು ಮಗುಚಿ ಇಟ್ಟು ಉತ್ತರಪತ್ರಿಕೆ ತಿದ್ದಲು ಕೂಡುತ್ತಿದ್ದ. ಮನೆಯಲ್ಲಿ ಟೀವಿಗೆ ಹಚ್ಚಿಕೊಂಡು ನೋಡಿದರೂ ಹಾಗೇ: ಇನ್ನೇನು ಎಲ್ಲ ಕೂಡಿ ಪ್ರಾಣಿಯನ್ನು ಸುತ್ತುಗಟ್ಟಿದರು ಎನ್ನುವಾಗ ಎದ್ದುಬಿಡುತ್ತಿದ್ದ. ಆಮೇಲೆ ನೋಡಿದರಾಯಿತು ಎಂದುಕೊಳ್ಳುತ್ತಿದ್ದ. ಅಷ್ಟು ದೊಡ್ಡ ಏಡಿ ತನ್ನ ಭಾರಕ್ಕೆ ತಾನೇ ಕಾಲು ಮುರಿದು ಕುಸಿಯುತ್ತದೆ, ಒಂದು ಹೆಜ್ಜೆಯನ್ನೂ ಇಡಲಾರದು ಎಂದು ಪ್ರತಿ ವರ್ಷ ಒಂಬತ್ತನೆಯ ಇಯತ್ತೆಗೆ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ತೋರಿಸುವವನೂ ಅವನೇ. ಕನ್ನಡ ಮಾಸ್ತರ ಕರಿಬಸಯ್ಯ ಸ್ಟಾಫ್ ರೂಮಿನಲ್ಲಿ, "ಏನ್ರೀ ಏಡಿ ಸರ್, ಈ ವಾರ ಯಾ ಪ್ರಾಣಿರೀ?" ಎಂದು ಕೇಳುತ್ತಿದ್ದರು. ಒಳ್ಳೆಯ ಮನುಷ್ಯ, ಡಬ್ಬಿಯ ಹೋಳಿಗೆಯಲ್ಲಿ ಅರ್ಧ ಮುರಿದು ಇವನಿಗೆ ಕೊಡುವವರು. ಆದರೂ ಏಡಿ ಎನ್ನುವಾಗ ಅವರ ತುಟಿಯ ತುದಿಯಲ್ಲಿ ಇನ್ನೇನಾದರೂ ಇದೆಯೋ ಎಂದು ಹುಲಿಗೇಶ ಪ್ರತಿ ಸಲ ನೋಡುತ್ತಿದ್ದ. ಇರುತ್ತಿರಲಿಲ್ಲ. ಇಲ್ಲವೆಂದು ಗೊತ್ತಾದ ಮೇಲೆ ತಾನು ಹುಡುಕಿದ್ದಕ್ಕೆ ನಾಚಿಕೆಯಾಗುತ್ತಿತ್ತು. ಮರುವಾರ ಮತ್ತೆ ಹುಡುಕುತ್ತಿದ್ದ.

ಹೊರಡುವಾಗ ತಾಯಿ ಯಮನಮ್ಮ ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಈಗ ಬಂದಿರುವುದು ಮೊದಲನೆಯ ಏಡಿ ಸಿನಿಮಾವನ್ನೇ ಹೊಸದಾಗಿ ಮಾಡಿದ್ದೆಂದೂ, ಅಪ್ಪ ಸಣ್ಣವನಿದ್ದಾಗ ತಾತನ ಜೋಡಿ ನೋಡಿದ್ದು ಅದನ್ನೇ ಎಂದೂ ನಂದಿನಿ ಅಜ್ಜಿಗೆ ವಿವರಿಸಿದಳು. ಯಮನಮ್ಮನಿಗೆ ಸಿನಿಮಾ ಅಂದರೆ ಮೊದಲಿಂದಲೂ ಸಸಾರ. "ಅದನ್ನ ಎಷ್ಟ್ ಸಲ ತಗೀತಾರ ಬೇ? ಅಷ್ಟ್ ದೊಡ್ಡ ಏಡಿ ಖರೇನ ಸಿಕ್ಕಿದ್ರ ಊರಿಗೆಲ್ಲಾ ಸಾರಾಗ್ತಿತ್ತು" ಎಂದಳು. ನಂದಿನಿ ನಕ್ಕಳು. ಹುಲಿಗೇಶ ಕಾರಿನ ಕೀಲಿ ಕಾಣದವನಂತೆ ಟೇಬಲ್ಲಿನ ಮೇಲೆಲ್ಲ ಕೈಯಾಡಿಸಿದ. ಕೀಲಿ ಅವನ ಇನ್ನೊಂದು ಕೈಯಲ್ಲೇ ಇತ್ತು. ಪದ್ಮಾವತಿ ಬಾಗಿಲವರೆಗೆ ಬಂದು, "ಹುಡುಗಿ ಮಾತು ನೆನಪೈತಲ್ಲ?" ಎಂದಳು. ಅವಳು ಈ ಸಿನಿಮಾಗಳಿಗೆ ಬರುವವಳಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಬಂದು, ಗಂಡ ನಡುವೆಯೇ ಎಬ್ಬಿಸಿಕೊಂಡು ಹೊರಟಾಗ ಅವನಿಗೆ ಹೊಟ್ಟೆನೋವೆಂದು ತಿಳಿದು, ಮನೆಗೆ ಬಂದು ಜೀರಿಗೆ ಕಷಾಯ ಮಾಡಿಕೊಟ್ಟಿದ್ದಳು. ಅವನು ಕುಡಿದಿದ್ದ.

ಮಸ್ಕಿಯಲ್ಲಿ ಗಾಡಿ ನಿಲ್ಲಿಸಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದರು. ಲಿಂಗಸುಗೂರಿನಿಂದ ಅಲ್ಲಿವರೆಗೆ ಎರಡೂ ಬದಿಗೆ ಒಣಭೂಮಿ, ಕೊಯ್ದ ಜೋಳದ ದಂಟು. ಮಸ್ಕಿ ಗುಡ್ಡ ಹಿಂದೆ ಸರಿದು ಸ್ವಲ್ಪ ದೂರ ಹೋದರೆ ಕಾಲುವೆಯ ಸೀಮೆ ಶುರುವಾಗುತ್ತದೆ, ಗಾಳಿಯೇ ಬೇರೆಯಾಗುತ್ತದೆ, ನೆಲ ಹಸಿರಾಗುತ್ತದೆ. ನಂದಿನಿ ಕಿಟಕಿ ಇಳಿಸಿ ಮುಖ ಹೊರಗೆ ಹಾಕಿದಳು. ಅವಳ ಸಿಟ್ಟು ಮಿರ್ಚಿಯ ಜೋಡಿ ಅರ್ಧ ಇಳಿದಿತ್ತು. "ಹೊಸಾದ್ರಾಗ ಏಡಿ ಕಣ್ಣು ತಿರುಗ್ತಾವಂತ ಅಪ್ಪಾ, ಒಂದು ಈ ಕಡಿ, ಒಂದು ಆ ಕಡಿ. ಹಳೇದ್ರಾಗ ತಿರುಗ್ತಿದ್ದಿಲ್ಲಲ್ಲ?" ಎಂದು ಕೇಳಿದಳು. ಹಳೆಯದರಲ್ಲಿ ಕಣ್ಣು ಎರಡು ಬಲ್ಬು. ಒಂದು ನಡುನಡುವೆ ಆರುತ್ತಿತ್ತು, ಅದಕ್ಕೇ ಅದು ಇನ್ನೂ ಭಯಂಕರ ಎಂದು ಹೇಳಿದ. ಅವಳು ಬಾಯಿ ತೆರೆದು ಕೇಳಿಸಿಕೊಂಡಳು. ಈ ಹುಡುಗಿಯನ್ನು ಕಳೆದುಕೊಳ್ಳಲಾರೆ ಎಂದು ಅವನಿಗೆ ಬಹಳ ಸ್ಪಷ್ಟವಾಗಿ ಅನ್ನಿಸಿತು. ಬೆಳೆದ ಮಕ್ಕಳು ಒಂದಿಲ್ಲೊಂದು ದಿನ ಅಪ್ಪನ ಹುಚ್ಚಿಗೆ ನಗುತ್ತಾರೆ, ಅದು ಇದ್ದದ್ದೇ. ಆದರೆ ಅಪ್ಪ ಸುಳ್ಳುಗಾರ ಎಂದುಕೊಂಡು ದೂರವಾಗುವುದು ಬೇರೆ. ಬಳಗಾನೂರಿನ ಕಡೆಗೆ ಹೊರಳುವ ದಾರಿ ಬಂತು. ಅದು ಅವನ ಹುಟ್ಟೂರು. ಗಾಡಿಯ ವೇಗ ಕಡಿಮೆ ಮಾಡದೆ ಮುಂದೆ ಹೋದ.

ಬಳಗಾನೂರಿನಲ್ಲಿ ಸಿನಿಮಾದ ಖಳನಾಯಕರು ಯಾರೂ ಸತ್ತಿರಲಿಲ್ಲ, ಪ್ರೀತಿ ಮಾಡಿದ ಯಾವ ಜೋಡಿಗೂ ಮದುವೆಯಾಗಿರಲಿಲ್ಲ. ಸಿಂಧನೂರಿನ ಟಾಕೀಸಿನಲ್ಲಿ ಆಗೆಲ್ಲ ಮ್ಯಾಟ್ನಿ ಹೊತ್ತಿಗೆ ಸರಿಯಾಗಿ ಶುರುವಾಗುತ್ತಿರಲಿಲ್ಲ. ರೀಲಿನ ಡಬ್ಬಿ ಇನ್ನೊಂದು ಊರಿನಿಂದ ಬರಬೇಕಿತ್ತು. ಸಂಜೆಯ ಕೊನೆಯ ಬಸ್ಸು ಮಾತ್ರ ಯಾರಿಗೂ ಕಾಯುತ್ತಿರಲಿಲ್ಲ. ಗೇಟಿನ ಯಂಕೋಬ ಬ್ಯಾಟರಿ ಹಿಡಿದು ಪರದೆ ಸರಿಸಿ ಒಳಗೆ ಬಂದು, "ಬಳಗಾನೂರು, ವಳಕಮದಿನ್ನಿ ಮಂದಿ ಏಳ್ರೀ, ಬಸ್ ಹೊಂಟೈತಿ!" ಎಂದು ಕೂಗುತ್ತಿದ್ದ. ಸಾಲಿಗೆ ಸಾಲೇ ಏಳುತ್ತಿತ್ತು. ಯಾರೂ ಗೊಣಗುತ್ತಿರಲಿಲ್ಲ. ಅದೊಂದು ಪದ್ಧತಿ. ಬಸ್ಸಿನಲ್ಲಿ ಕೂತ ಮೇಲೆ ಉಳಿದ ಕತೆಯನ್ನು ಅವರೇ ಕಟ್ಟುತ್ತಿದ್ದರು, ಹಿಂದಿನ ಸೀಟಿನವರು ಒಂದು ಕೊನೆ, ಮುಂದಿನ ಸೀಟಿನವರು ಇನ್ನೊಂದು. ಊರಿನ ಹೋಟೆಲಿನಲ್ಲಿ ಅದರ ಮೇಲೆ ಬಾಜಿ ಕಟ್ಟಿದವರೂ ಇದ್ದರು. ಬಾಜಿ ಗೆದ್ದವರು ಯಾರೂ ಇರಲಿಲ್ಲ. ಹುಲಿಗೇಶನ ತಂದೆ ಮುದುಕಪ್ಪ ಈ ಮಾತಿನಲ್ಲಿ ಸೇರುತ್ತಿರಲಿಲ್ಲ. ಬಸ್ಸಿನ ಹಿಂಬಾಗಿಲ ಹತ್ತಿರ ನಿಂತು, ಮಗನ ಮಣಿಕಟ್ಟು ಹಿಡಿದುಕೊಂಡು ಸುಮ್ಮನೆ ಕೇಳುತ್ತಿದ್ದ. ಮೊದಲನೆಯ ಏಡಿ ಸಿನಿಮಾದವರೆಗೆ ಹಾಗಿತ್ತು.

ಅವತ್ತು ಯಂಕೋಬ ಕೂಗಿದಾಗ ಹುಲಿಗೇಶ ಏಳಲಿಲ್ಲ. ಏಡಿ ಇನ್ನೇನು ಸೇತುವೆಯ ಮೇಲೆ ಹತ್ತುವುದರಲ್ಲಿತ್ತು. ಬೆಂಚಿನ ಕಾಲಿಗೆ ತನ್ನ ಕಾಲನ್ನು ಸುತ್ತಿಕೊಂಡು, "ಇನ್ನೊಂದ್ ಸ್ವಲ್ಪ, ಯಪ್ಪಾ, ಇನ್ನೊಂದ್ ಸ್ವಲ್ಪ" ಎಂದು ಅತ್ತ. ಮುದುಕಪ್ಪ ಎಳೆದ, ಬೈದ, ಕೊನೆಗೆ ಎತ್ತಿಕೊಂಡೇ ಹೊರಗೆ ಬಂದ. ಕೊನೆಯೂ ಸಿಗಲಿಲ್ಲ, ಬಸ್ಸೂ ಸಿಗಲಿಲ್ಲ. ಮಳೆ ಹಿಡಿದುಕೊಂಡಿತು. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಯಾವುದೋ ಕಾಳಿನ ಅಡತಿ ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದರು. ಅಂಗಡಿಯ ಸಾಹುಕಾರ ಕೆಟ್ಟವನಲ್ಲ. ತೊಯ್ದ ಹುಡುಗನನ್ನು ನೋಡಿ ಒಳಗೆ ಕೂಡಲು ಹೇಳಿದ. ಯಾವ ಊರು, ಯಾರ ಪೈಕಿ ಎಂದು ಕೇಳಿದ. ಮುದುಕಪ್ಪ ಊರಿನ ಹೆಸರು ಖರೆ ಹೇಳಿದ. ಆಮೇಲೆ ಒಂದು ಕ್ಷಣ ಬಿಟ್ಟು, "ಶರಣರ ಪೈಕಿರೀ, ಕಾಯಿಪಲ್ಲೆ ತಿನ್ನೋ ಮಂದಿ" ಎಂದ. ಎರಡು ಸ್ಟೀಲಿನ ಲೋಟದಲ್ಲಿ ಚಹಾ ಬಂತು. ಅಂಥ ಲೋಟವನ್ನು ಹುಲಿಗೇಶ ಅದುವರೆಗೆ ಮುಟ್ಟಿರಲಿಲ್ಲ. ಬಿಸಿ ಬೆರಳಿಗೆ ಹತ್ತಿದರೂ ಬಿಡಲಿಲ್ಲ. ಬೆಳಗಿನ ಬಸ್ಸಿನವರೆಗೆ ಚೀಲಗಳ ಮೇಲೆ ಮಲಗಿರೆಂದು ಸಾಹುಕಾರ ಹೇಳಿದ. ಮತ್ತೆ ಹೊತ್ತು ಹೋಗಲೆಂದು, "ಸಿನಿಮಾದಾಗ ಏನಿತ್ತಲೇ ಹುಡುಗಾ?" ಎಂದು ಕೇಳಿದ.

ಹುಡುಗ ಎದ್ದು ನಿಂತು ಹೇಳಿದ. ಕೈ ಎರಡೂ ಕೊಂಡಿ ಮಾಡಿ, ಅಡ್ಡಡ್ಡ ನಡೆದು ತೋರಿಸಿದ. ಒಳಗಿನಿಂದ ಹೆಂಗಸರೂ ಬಂದು ಬಾಗಿಲಲ್ಲಿ ನಿಂತು ನಕ್ಕರು. ಅಷ್ಟು ಜನ ಅವನ ಮಾತನ್ನು ಹಿಂದೆ ಯಾವತ್ತೂ ಕೇಳಿರಲಿಲ್ಲ. ಎಷ್ಟು ದೊಡ್ಡದಿತ್ತು ಎಂದು ಯಾರೋ ಕೇಳಿದರು. "ನಮ್ಮವ್ವ ಗದ್ಯಾಗಿಂದ ಹಿಡ್ಕೊಂಡು ಬಂದು ಸಾರು ಮಾಡ್ತಾಳಲ್ಲರೀ, ಅದ ಏಡಿ, ಆದ್ರ ಮನಿಯಷ್ಟು" ಎಂದ ಹುಲಿಗೇಶ. ನಗು ಒಮ್ಮೆಲೇ ನಿಲ್ಲಲಿಲ್ಲ, ಒಬ್ಬೊಬ್ಬರದಾಗಿ ನಿಂತಿತು. ಸಾಹುಕಾರ ಬಯ್ಯಲಿಲ್ಲ, ದನಿ ಕೂಡ ಏರಿಸಲಿಲ್ಲ. ಮುದುಕಪ್ಪನ ಮುಖ ನೋಡದೆ, ಮಳೆಯ ಕಡೆ ನೋಡುತ್ತಾ, "ಆ ಲೋಟ ಇಲ್ಲಿಡಬ್ಯಾಡ್ರಿ, ತಗೊಂಡ ಹೋಗ್ರಿ" ಎಂದ. ಅಪ್ಪ ಎರಡೂ ಲೋಟಗಳನ್ನು ಎತ್ತಿಕೊಂಡು, ಕೈಮುಗಿಯಬೇಕೆಂದರೆ ಕೈ ಖಾಲಿ ಇಲ್ಲದೆ, ತಲೆ ಬಾಗಿಸಿ ಮಳೆಯಲ್ಲಿ ಇಳಿದ. ಓಣಿಯ ತಿರುವಿನಲ್ಲಿ ಅವನ್ನು ಒಂದು ಕಲ್ಲಿನ ಮೇಲೆ ಜೋಡಿಸಿ ಇಟ್ಟ.

ಹೊಡೆಯುತ್ತಾನೆಂದು ಹುಲಿಗೇಶ ಕಾದ. ಹೊಡೆದಿದ್ದರೆ ಮುಗಿದುಹೋಗುತ್ತಿತ್ತು. ಮುದುಕಪ್ಪ ಹೊಡೆಯಲಿಲ್ಲ, ಆ ವಿಷಯವನ್ನು ಸಾಯುವವರೆಗೆ ಎತ್ತಲೂ ಇಲ್ಲ. ಊರಿನ ಹಾದಿ ಹಿಡಿದು ಸ್ವಲ್ಪ ದೂರ ನಡೆದ ಮೇಲೆ, ಎಂದೂ ಕತೆ ಹೇಳದ ಅವನು, "ಆಮ್ಯಾಲ ಆ ಏಡಿ ಏನ್ ಮಾಡ್ತಂದ್ರ" ಎಂದು ಶುರು ಮಾಡಿದ. ಸೇತುವೆಯ ಮೇಲೆ ಹತ್ತಿದ ಏಡಿಗೆ ಎಲ್ಲರೂ ಬಂದೂಕು ಹಿಡಿದು ನಿಂತದ್ದು ಕಂಡಿತಂತೆ. ಇವರ ಊರಲ್ಲಿ ನನಗೇನು ಕೆಲಸ ಎಂದುಕೊಂಡಿತಂತೆ. ಹೊರಳಿ ನೀರಿಗೆ ಇಳಿಯಿತಂತೆ, ನೀರಿನ ತಳದಲ್ಲಿ ಅದರ ಮನೆ ಇತ್ತಂತೆ, ಅಲ್ಲಿ ಅದನ್ನು ಯಾರೂ ಯಾವ ಪೈಕಿ ಎಂದು ಕೇಳಲಿಲ್ಲವಂತೆ. ಹುಲ್ಲಿನ ಟ್ರ್ಯಾಕ್ಟರೊಂದು ಸಿಗುವವರೆಗೂ ಹೇಳುತ್ತಲೇ ಇದ್ದ. ಮುಂದೆ ಎಷ್ಟೋ ಸಿನಿಮಾಗಳಿಗೆ ಕರೆದುಕೊಂಡು ಹೋದ. ಹುಡುಗ ಬೇಡವೆಂದರೂ ಕರೆದುಕೊಂಡು ಹೋದ. ಆದರೆ ಯಂಕೋಬ ಪರದೆ ಸರಿಸುವ ಮೊದಲೇ ಹುಡುಗ ತಾನಾಗಿ ಎದ್ದು ನಿಂತಿರುತ್ತಿದ್ದ. ಅಪ್ಪ ಮಣಿಕಟ್ಟು ಹಿಡಿಯುವ ಅಗತ್ಯವೇ ಬರಲಿಲ್ಲ.

ಸಿಂಧನೂರಿನ ಈಗಿನ ಟಾಕೀಸಿಗೆ ಮೆತ್ತನೆಯ ಕುರ್ಚಿಗಳು, ತಣ್ಣನೆಯ ಗಾಳಿ. ಸಿನಿಮಾ ತೆಲುಗಿನಲ್ಲಿ ಮಾತಾಡುತ್ತಿತ್ತು. ಆಂಧ್ರದಿಂದ ಬಂದು ಸುತ್ತಲಿನ ಗದ್ದೆಯ ಸೀಮೆಯಲ್ಲಿ ನೆಲೆಸಿದವರಿಗೆ ಅದು ಮನೆಯ ಮಾತೇ, ನಂದಿನಿಗೂ ಅಲ್ಪಸ್ವಲ್ಪ ತಿಳಿಯುತ್ತಿತ್ತು. ಹುಲಿಗೇಶ ಹಾದಿಬದಿಯ ಸೀಟನ್ನು ಬಿಟ್ಟು, ಬೇಕೆಂದೇ ಸಾಲಿನ ನಡುವಿನ ಎರಡು ಸೀಟು ಹಿಡಿದಿದ್ದ. ಏಳಬೇಕೆಂದರೂ ಆರೇಳು ಮಂದಿಯ ಮೊಣಕಾಲು ದಾಟಬೇಕು. ಹೊಸ ಏಡಿ ಚೆನ್ನಾಗಿತ್ತು. ಅದರ ಚಿಪ್ಪಿನ ಮೇಲೆ ಪಾಚಿ ಇತ್ತು, ಪಾಚಿಯಲ್ಲಿ ಹಕ್ಕಿಗಳು ಗೂಡು ಕಟ್ಟಿದ್ದವು, ಅದು ನಡೆದಾಗ ಹಕ್ಕಿಗಳು ಹಾರಿ ಮತ್ತೆ ಬಂದು ಕೂಡುತ್ತಿದ್ದವು. ದಾರವೇ ಇಲ್ಲದ, ಒಳಗೆ ಮನುಷ್ಯರೇ ಇಲ್ಲದ ಏಡಿ. ಎಲ್ಲ ಸರಿಯಿದ್ದದ್ದೇ ಅವನಿಗೆ ಕೊರತೆ ಅನ್ನಿಸಿತು. ಹಳೆಯದರ ಆರುವ ಕಣ್ಣಿಗೆ ಒಂದು ಮರ್ಯಾದೆಯಿತ್ತು. ನಂದಿನಿ ಮಾತ್ರ ತೋಳು ಹಿಡಿದು, "ಅಪ್ಪಾ ನೋಡು, ನೋಡು, ಕಣ್ಣು" ಎಂದು ಪಿಸುಗುಟ್ಟುತ್ತಿದ್ದಳು. ಇಂಟರ್ವಲ್ಲಿನಲ್ಲಿ ಇಬ್ಬರೂ ಪಾಪ್‌ಕಾರ್ನ್ ತಿನ್ನುತ್ತಾ, ಮೀಸೆಯಿಂದ ಏಡಿ ವಾಸನೆ ಹಿಡಿಯುತ್ತದೆಯೋ ರುಚಿ ಹಿಡಿಯುತ್ತದೆಯೋ ಎಂದು ವಾದ ಮಾಡಿದರು. ಅವಳೇ ಗೆದ್ದಳು. ಎಷ್ಟೋ ದಿನಗಳ ಮೇಲೆ ಅವನಿಗೆ ಹಗುರವೆನ್ನಿಸಿತು.

ಸೇತುವೆ ಬಂತು. ಹೊಸದರಲ್ಲಿ ಇನ್ನೂ ಉದ್ದದ, ಇನ್ನೂ ಚಂದದ ಸೇತುವೆ. ಏಡಿಯ ಮೊದಲ ಕಾಲು ಕಂಬಕ್ಕೆ ತಾಗಿದಾಗಲೇ ಹುಲಿಗೇಶ ಬಾಗಿಲು ಎಲ್ಲಿದೆಯೆಂದು ನೋಡಿಕೊಂಡ. ಹೊರಗೆ ಕಾರಿದೆ, ಕಾರಿಗೆ ಪೆಟ್ರೋಲಿದೆ, ಇನ್ನೂ ಬಿಸಿಲಿದೆ ಎಂದು ಒಂದೊಂದಾಗಿ ಹೇಳಿಕೊಂಡ. ಈ ಊರಿನಲ್ಲಿ ಯಾವ ಲಾಡ್ಜಿಗೆ ಹೋದರೂ ಕೋಣೆ ಕೊಡುತ್ತಾರೆ, ಇದೇ ಊರಿನ ಎಷ್ಟೋ ಸಾಹುಕಾರರ ಮಕ್ಕಳು ತನ್ನ ಕೈಯಲ್ಲಿ ಕಲಿತಿದ್ದಾರೆ, ಕಂಡರೆ ಕಾಲಿಗೆ ಬೀಳುತ್ತಾರೆ ಎಂದೂ ಹೇಳಿಕೊಂಡ. ಹೇಳಿಕೊಂಡದ್ದೆಲ್ಲ ಖರೆ. ಕಾಲುಗಳು ನಂಬಲಿಲ್ಲ. ಅವುಗಳನ್ನು ಒಂದರ ಮೇಲೊಂದು ಹಾಕಿ, ಕುರ್ಚಿಯ ಕೈಗಳನ್ನು ಎರಡೂ ಕಡೆ ಬಿಗಿಯಾಗಿ ಹಿಡಿದ. ಪರದೆಯ ಮೇಲೆ ಬಂದೂಕುಗಳು ಸಾಲುಗಟ್ಟಿದವು. ಏಳುವುದಿಲ್ಲ, ಎಂದುಕೊಂಡ. ಇವತ್ತು ಇದು ಸಾಯುವುದಿದ್ದರೆ ಸಾಯಲಿ, ನೋಡಿಯೇ ಬಿಡುತ್ತೇನೆ. ಹಲ್ಲು ಕಚ್ಚಿ ಕೂತ. ನಿಜವಾಗಿಯೂ ಕೂತೇ ಇದ್ದ. ಇಷ್ಟು ವರ್ಷ ಆಗದಿದ್ದದ್ದು ಆಗುತ್ತಿದೆ ಎಂಬ ಸಂತೋಷ ಭಯದ ನಡುವೆಯೇ ಅವನ ಎದೆಯಲ್ಲಿ ಎದ್ದಿತು. ಅದನ್ನು ಹಂಚಿಕೊಳ್ಳಲು ಮಗಳ ಕಡೆ ಹೊರಳಿದ.

ನಂದಿನಿ ಎದ್ದು ನಿಂತಿದ್ದಳು. ಚೀಲ ಹೆಗಲಿಗೆ ಬಂದಿತ್ತು, ನೀರಿನ ಬಾಟಲಿ ಕಂಕುಳಲ್ಲಿತ್ತು, ಒಂದು ಕಾಲು ಕತ್ತಲಲ್ಲಿ ಚಪ್ಪಲಿಯನ್ನು ಹುಡುಕುತ್ತಿತ್ತು. ಹಿಂದಿನ ಸಾಲಿನವರು, "ಏ ಪಾಪಾ, ಕೂರ್ಚೋ" ಎಂದು ತೆಲುಗಿನಲ್ಲಿ ಕೂಗಿದರು. ಅವಳಿಗೆ ಕೇಳಿಸಿದಂತಿರಲಿಲ್ಲ. "ನಡಿ ಅಪ್ಪಾ, ಜಲ್ದಿ" ಎಂದಳು. ಅದು ಅವನದೇ ದನಿ, ಅವನದೇ ಎರಡು ಮಾತು.

"ಕೂಡವ್ವ. ನಾ ಎದ್ದಿಲ್ಲ ನೋಡು. ಕೂತೀನಿ."

ಆಗ ಅವಳಿಗೆ ತಾನು ನಿಂತದ್ದು ಗೊತ್ತಾಯಿತು. ಪರದೆಯ ಬೆಳಕಿನಲ್ಲಿ ಅವಳ ಮುಖ ಪೆಚ್ಚಾದದ್ದು ಕಂಡಿತು. ಕೂತಳು, ಆದರೆ ಕುರ್ಚಿಯ ತುದಿಯಲ್ಲಿ, ಚೀಲವನ್ನು ಎದೆಗೆ ಅವುಚಿಕೊಂಡು, ಪರದೆಗೆ ಬೆನ್ನು ಅರ್ಧ ತಿರುಗಿಸಿ, ಬಾಗಿಲ ಮೇಲಿನ ಕೆಂಪು ದೀಪದ ಕಡೆ ನೋಡುತ್ತಾ. "ನಂಗ ಒಂಥರಾ ಆಗಾಕತ್ತೈತಿ ಅಪ್ಪಾ" ಎಂದಳು. "ಬಾಗಿಲಾ ಹಾಕಿಬಿಟ್ರ?"

"ಯಾಕ ಹಾಕ್ತಾರ? ಹೊರಗ ನಮ್ದ ಗಾಡಿ ನಿಂತೈತಿ."

"ಗೊತ್ತೈತಿ."

"ಮತ್ತ ಏನ್ ಅಂಜಿಕಿ?"

"ಗೊತ್ತಿಲ್ಲ" ಎಂದಳು.

ಹುಲಿಗೇಶ ಅವಳ ಮೊಣಕಾಲಿನ ಮೇಲೆ ಕೈ ಇಟ್ಟ. ಅವಳು ಹುಟ್ಟುವಾಗಲೇ ಮನೆಯಲ್ಲಿ ಗಾಡಿ ಇತ್ತು. ಯಾವ ಕೊನೆಯ ಬಸ್ಸಿಗೂ ಅವಳು ಓಡಿಲ್ಲ, ಯಾವ ಕಟ್ಟೆಯ ಮೇಲೂ ನಿಂತಿಲ್ಲ, ಯಾವ ಲೋಟವನ್ನೂ ಮಳೆಯಲ್ಲಿ ಹೊತ್ತಿಲ್ಲ. ಅವನ ಭಯಕ್ಕೆ ಒಂದು ಊರಿತ್ತು, ಒಂದು ಸಂಜೆ ಇತ್ತು, ಬೇಕೆಂದರೆ ಸಿಟ್ಟು ಮಾಡಲು ಒಬ್ಬ ಸಾಹುಕಾರನಿದ್ದ. ಅವಳಿಗೆ ಅವನು ಅದೊಂದನ್ನೂ ಹೇಳಿರಲಿಲ್ಲ, ಹೇಳದೆ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ. ಬರೀ ಭಯವನ್ನು, ಕಾರಣ ಬಿಡಿಸಿ ತೆಗೆದು, ಭಾನುವಾರಕ್ಕೊಮ್ಮೆ ಪಾಪ್‌ಕಾರ್ನ್ ಕೊಡಿಸಿ ಕಲಿಸಿದ್ದ. ಮಾಸ್ತರನಾಗಿ ಇಷ್ಟು ಚೆನ್ನಾಗಿ ಯಾವ ಪಾಠವನ್ನೂ ಅವನು ಯಾರಿಗೂ ಕಲಿಸಿರಲಿಲ್ಲ. ದುಃಖವಾಯಿತು. ಅಳು ಬರುವಂಥ ದುಃಖವಲ್ಲ, ತಪ್ಪು ಲೆಕ್ಕವನ್ನು ಬಹಳ ವರ್ಷ ಬೋರ್ಡಿನ ಮೇಲೆ ಬರೆಯುತ್ತಾ ಬಂದದ್ದು ಗೊತ್ತಾದಂಥದ್ದು. ಪರದೆಯ ಕಡೆಯಿಂದ ದೊಡ್ಡ ಸದ್ದು ಬಂತು, ಬೆಳಕು ಬಂತು, ಜನ ಸಿಳ್ಳೆ ಹಾಕಿದರು, ಯಾರೋ ಅಯ್ಯೋ ಎಂದರು. ಆ ಬೆಳಕೆಲ್ಲ ನಂದಿನಿಯ ಕೆನ್ನೆಯ ಮೇಲೆ ಬಿದ್ದು ಹೋಯಿತು. ಅವನು ಅವಳನ್ನೇ ನೋಡುತ್ತಿದ್ದ. ಅವಳು ಬಾಗಿಲನ್ನೇ ನೋಡುತ್ತಿದ್ದಳು.

ದೀಪ ಹತ್ತಿದವು. ಜನ ಇವರ ಮೊಣಕಾಲು ದಾಟಿಕೊಂಡು ಹೊರಟರು. ಪರದೆಯ ಮೇಲೆ ಹೆಸರುಗಳು ಮೇಲಕ್ಕೆ ಹೋಗುತ್ತಿದ್ದವು. ಇಷ್ಟೊಂದು ಹೆಸರು ಬರುತ್ತವೆಂದು ಅವನಿಗೆ ಗೊತ್ತಿರಲಿಲ್ಲ. ನಂದಿನಿ ಉಸಿರು ಬಿಟ್ಟು, ಕಣ್ಣೊರೆಸಿಕೊಂಡು, ಏನೂ ಆಗದವಳಂತೆ ಚೀಲ ಸರಿಮಾಡಿಕೊಂಡಳು. ಅವಳ ಮುಖಕ್ಕೆ ಮತ್ತೆ ಗೆಲುವು ಬರುತ್ತಿತ್ತು. ಅಪ್ಪ ಮಾತು ಉಳಿಸಿಕೊಂಡಿದ್ದ.

"ಸತ್ತಿತೇನಪ್ಪಾ?" ಎಂದಳು. "ಜಲ್ದಿ ಹೇಳು. ನಾಳಿ ಸಾಲ್ಯಾಗ ಪ್ರಿಯಾಂಕಾ ಕೇಳ್ತಾಳ. ಖರೇ ಹೇಳಬೇಕು ಮತ್ತ."

"ಗೊತ್ತಿಲ್ಲವ್ವ" ಎಂದ ಹುಲಿಗೇಶ. "ನಾ ನೋಡಲಿಲ್ಲ."

ಅವಳು ಅವನನ್ನು ನೋಡಿದಳು. ಕೊನೆಯ ಹೆಸರು ಹೋಗುವವರೆಗೂ ಪರದೆಯ ಎದುರು ಕೂತಿದ್ದ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು.

"ಸುಳ್ ಹೇಳಬ್ಯಾಡ" ಎಂದು ಚಪ್ಪಲಿ ಮೆಟ್ಟಿಕೊಂಡು ಮುಂದೆ ನಡೆದಳು.